ಅಂಗಾಲಿನ ಕೌದಿ: ಮೆಲನೋಮಾ ಆಪರೇಷನ್ ಆದವರಿಗೆ, ಅವರ ಜೊತೆಗಿರುವವರಿಗೆ

ಆಪರೇಷನ್ ಆದ ಮಾರನೆಯ ದಿನ ಬೆಳಿಗ್ಗೆ ಬೆಡ್‌ಪ್ಯಾನ್ ನೋಡಿ ಅಮ್ಮ ಗಾಬರಿಯಾದಳು. ಮೂತ್ರ ಹಸಿರುನೀಲಿ ಬಣ್ಣಕ್ಕೆ ತಿರುಗಿತ್ತು. ಸಿಸ್ಟರನ್ನು ಕರೆಯಲು ನಾನು ಏಳುವಷ್ಟರಲ್ಲಿ ಪಕ್ಕದ ಹಾಸಿಗೆಯಿಂದ ಮಾತು ಬಂತು: "ಅಂಜಬ್ಯಾಡ ತಂಗಿ. ಬಿಳೇ ಅರಿವಿಗೆ ನೀಲಿ ಹಾಕಿದಂಗ ನಿನಗೂ ಹಾಕ್ಯಾರ. ನಾಳಿಗೆ ತಿಳಿ ಆಗ್ತೈತಿ." ಆಸ್ಪತ್ರೆಗೆ ಸೇರಿದಾಗಿನಿಂದ ಅಮ್ಮ ನಕ್ಕಿದ್ದು ಅದೇ ಮೊದಲು. ಆ ನಗು ಬಂದಮೇಲೆ ಅಲ್ಲಿಯವರೆಗೆ ನುಂಗಿಕೊಂಡಿದ್ದ ಇನ್ನೊಂದು ಮಾತೂ ಹೊರಬಂತು: ರಾತ್ರಿಯಿಡೀ ತೊಡೆ ಉರಿದಿತ್ತು, ಯಾರಿಗೂ ಹೇಳಿರಲಿಲ್ಲ. ಸಿಸ್ಟರ್ ಬಂದು ನೋವಿನ ಇಂಜೆಕ್ಷನ್ ಕೊಟ್ಟರು.

ಆ ಮಾತು ಹೇಳಿದವರನ್ನು ಇಲ್ಲಿ ಕೊಪ್ಪಳದ ಅವ್ವ ಎಂದು ಕರೆಯುತ್ತೇನೆ. ಅವರಿಗೂ ಅಮ್ಮನ ಹಾಗೇ ಅಂಗಾಲಿನ ಮೆಲನೋಮಾ. ಎಂಟು ತಿಂಗಳ ಹಿಂದೆ ಪಾದದ ಆಪರೇಷನ್ ಆಗಿ, ಈಗ ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಂಡಿದ್ದಕ್ಕೆ ಮತ್ತೆ ಬಂದಿದ್ದರು. ಕೆಳಗೆ ಬರೆದಿರುವುದರಲ್ಲಿ ಡಾಕ್ಟರು, ಸಿಸ್ಟರುಗಳು ಹೇಳಿಕೊಟ್ಟದ್ದು ಅರ್ಧ, ಅವ್ವನಿಂದ ಕಲಿತದ್ದು ಅರ್ಧ. ನಿಮ್ಮ ಗಾಯದ ಜಾಗ, ಆಳ ಬೇರೆಯಿದ್ದರೆ ದಿನಗಳ ಲೆಕ್ಕವೂ ಬೇರೆಯಾಗುತ್ತದೆ. ಕೊನೆಯ ಮಾತು ನಿಮ್ಮ ಸರ್ಜನ್‌ರದೇ.

ಮೊದಲು ರೋಗದ ಬಗ್ಗೆ ನಾಲ್ಕು ಮಾತು

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಮೆಲನೋಮಾ. ಬಿಳಿ ಚರ್ಮದವರಲ್ಲಿ ಇದಕ್ಕೆ ದೊಡ್ಡ ಕಾರಣ ಬಿಸಿಲು. ನಮ್ಮವರಲ್ಲಿ ಇದು ಅಪರೂಪ. ಬಂದಾಗ ಬಿಸಿಲೇ ತಾಗದ ಜಾಗಗಳಲ್ಲಿ, ಅಂದರೆ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಂಡಿದ್ದು ಇದೇ ಬಗೆ, ಕಾಲ್ಬೆರಳಿನ ಉಗುರಿನಡಿ. 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಕೇವಲ 36.

ಅಮ್ಮ ತಿಪಟೂರು ಕಡೆಯ ತೆಂಗಿನ ತೋಟದಲ್ಲಿ ಬರಿಗಾಲಲ್ಲೇ ಬೆಳೆದವಳು. ಎಡ ಹಿಮ್ಮಡಿಯ ಪಕ್ಕ ಕಪ್ಪು ಚುಕ್ಕೆ ಕಂಡಾಗ ಮುಳ್ಳು ಮುರಿದಿರಬೇಕು ಅಂದುಕೊಂಡಳು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಆಣಿ ಎಂದು ಹೇಳಿ ಕೆತ್ತಿದರು. ಕೆತ್ತಿದ್ದನ್ನು ಪರೀಕ್ಷೆಗೆ ಕಳಿಸದೆ ಬಿಸಾಡಿದರು. ಏಳು ತಿಂಗಳು ಹಾಗೇ ಕಳೆಯಿತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತೇನೆ: ಅಂಗಾಲಲ್ಲಿ ಬೆಳೆಯುತ್ತಿರುವ ಕಪ್ಪು ಕಲೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ, ಆರದೆ ಒಸರುವ ಹುಣ್ಣು ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಏನನ್ನೇ ಕತ್ತರಿಸಿ ತೆಗೆದರೂ "ಇದು ಬಯಾಪ್ಸಿಗೆ ಹೋಗುತ್ತದಲ್ಲವೇ?" ಎಂದು ಬಾಯಿಬಿಟ್ಟು ಕೇಳಿ.

ಆಸ್ಪತ್ರೆಗೆ ಸೇರುವ ಮುಂಚೆ

ಬಯಾಪ್ಸಿ ರಿಪೋರ್ಟಿನಲ್ಲಿ ಗೆಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬ ಅಂಕಿ ಇರುತ್ತದೆ. ಮುಂದಿನ ಬಹಳಷ್ಟು ತೀರ್ಮಾನ ಅದರ ಮೇಲೆ ನಿಂತಿದೆ. 1 ಮಿಲಿಮೀಟರ್ ಒಳಗಿದ್ದರೆ ಸುತ್ತಲ 1 ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿ ತೆಗೆಯುತ್ತಾರೆ. 2 ಮಿಲಿಮೀಟರ್ ದಾಟಿದ್ದರೆ 2 ಸೆಂಟಿಮೀಟರ್. ಸಾಸಿವೆಯಷ್ಟು ಚುಕ್ಕೆಗೆ ಅಂಗೈಯಷ್ಟು ಗಾಯವೇ ಎಂದು ಎಲ್ಲರೂ ಕೇಳುತ್ತಾರೆ. ಗರಿಕೆ ಕೀಳುವಾಗ ಸುತ್ತಲ ಮಣ್ಣು ಸಮೇತ ಎತ್ತದಿದ್ದರೆ ಮತ್ತೆ ಚಿಗುರುತ್ತದಲ್ಲ, ಹಾಗೇ ಎಂದು ಡಾಕ್ಟರು ಹೇಳಿದ ಮೇಲೆ ಅಮ್ಮ ಮರುಪ್ರಶ್ನೆ ಹಾಕಲಿಲ್ಲ.

ಜೊತೆಗೆ ತೊಡೆಸಂದಿನ ದುಗ್ಧಗ್ರಂಥಿಯನ್ನೂ (ಲಿಂಫ್ ನೋಡ್; ರೋಗ ಹರಡಿದರೆ ಸಾಮಾನ್ಯವಾಗಿ ಮೊದಲು ತಲುಪುವ ಸಣ್ಣ ಗ್ರಂಥಿ) ಪರೀಕ್ಷಿಸಬಹುದು. ಗಾಯದ ಹತ್ತಿರ ಸ್ವಲ್ಪ ವಿಕಿರಣ ವಸ್ತು ಮತ್ತು ನೀಲಿ ಬಣ್ಣ ಚುಚ್ಚಿ, ಅದು ಮೊದಲು ಹೋಗಿ ಸೇರುವ ಗ್ರಂಥಿಯನ್ನು ತೆಗೆದು ನೋಡುತ್ತಾರೆ. ಆ ನೀಲಿಯೇ ಮಾರನೆಯ ದಿನ ಮೂತ್ರದಲ್ಲಿ ಬರುವುದು. ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ. ಇದನ್ನು ರೋಗಿಗೆ ಮುಂಚೆಯೇ ಹೇಳಿಡಿ, ನಾವು ಹೇಳಿರಲಿಲ್ಲ.

ಖರ್ಚಿನ ವಿಷಯ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ರೇಷನ್ ಕಾರ್ಡ್, ಆಧಾರ್ ಎರಡರ ಜೆರಾಕ್ಸ್ ಹಲವು ಪ್ರತಿ ಇಟ್ಟುಕೊಂಡು, ಮೊದಲು ಆರೋಗ್ಯಮಿತ್ರರ (ಈ ಯೋಜನೆಗೆಂದೇ ಆಸ್ಪತ್ರೆಯಲ್ಲಿ ಕೂರುವ ಸಹಾಯಕರ) ಕೌಂಟರ್ ಹುಡುಕಿ.

ಚೀಲದಲ್ಲಿ ತುಂಬಬೇಕಾದ್ದು: ಸಡಿಲ ಲಂಗ ಅಥವಾ ನೈಟಿ (ಗಂಡಸರಿಗೆ ಪಂಚೆ), ಎರಡು ಹೆಚ್ಚುವರಿ ದಿಂಬು, ಉದ್ದ ವೈರಿನ ಚಾರ್ಜರ್.

ಮೊದಲ ಐದು ದಿನ

ಅಂಗಾಲಿನಲ್ಲಿ ಚರ್ಮ ಎಳೆದು ಹೊಲಿಯಲು ಜಾಗ ಸಾಲದಿದ್ದಾಗ ತೊಡೆಯಿಂದ ತೆಳುವಾಗಿ ಚರ್ಮ ಹೆರೆದು ಗಾಯದ ಮೇಲೆ ಕೂರಿಸುವುದುಂಟು. ಇದೇ ಗ್ರಾಫ್ಟ್, ಚರ್ಮ ಕಸಿ. ಆಶ್ಚರ್ಯವೆಂದರೆ ಆಪರೇಷನ್ ಆದ ಪಾದಕ್ಕಿಂತ ಚರ್ಮ ಕೊಟ್ಟ ತೊಡೆಯೇ ಹೆಚ್ಚು ಉರಿಯುತ್ತದೆ. ನೋವು ಏರಿದ ಮೇಲೆ ಮಾತ್ರೆ ಕೇಳಬೇಡಿ, ಹೊತ್ತಿಗೆ ಸರಿಯಾಗಿ ಕೇಳಿ ತೆಗೆದುಕೊಳ್ಳಿ. ತೊಡೆಯ ಮೇಲಿನ ಜಾಳಿಗೆ ಬಟ್ಟೆ ಒಣಗಿ ಅಂಟಿಕೊಂಡಿರುತ್ತದೆ. ಅದನ್ನು ಎಳೆಯಬಾರದು. ಎರಡು ವಾರದ ಆಸುಪಾಸಿನಲ್ಲಿ ಅಡಿಯಲ್ಲಿ ಹೊಸ ಚರ್ಮ ಬಂದಂತೆ ಅಂಚಿನಿಂದ ತಾನೇ ಏಳುತ್ತದೆ. ಎದ್ದಷ್ಟನ್ನು ಮಾತ್ರ ಸಿಸ್ಟರ್ ಕತ್ತರಿಸುತ್ತಾರೆ.

ಕಾಲು ಎದೆಯ ಮಟ್ಟಕ್ಕಿಂತ ಮೇಲಿರಬೇಕು. ಎರಡು ದಿಂಬು ಹಿಮ್ಮಡಿಗಲ್ಲ, ಮೀನಖಂಡದ ಅಡಿಗೆ. ಕಸಿಯಾದ ಪಾದವನ್ನು ಅಲ್ಲಾಡಿಸಬಾರದು, ಆದರೆ ಇನ್ನೊಂದು ಪಾದವನ್ನು ಗಂಟೆಗೊಮ್ಮೆ ಮೇಲೆ ಕೆಳಗೆ ಆಡಿಸುತ್ತಿರಬೇಕು, ರಕ್ತ ಹೆಪ್ಪುಗಟ್ಟದಿರಲಿ ಎಂದು.

ತೊಡೆಸಂದಿನ ಗ್ರಂಥಿಗಳನ್ನೆಲ್ಲ ತೆಗೆದವರಿಗೆ ಡ್ರೈನ್ ಇರುತ್ತದೆ: ಒಂದು ಕೊಳವೆ, ತುದಿಗೆ ಒತ್ತಿ ಬಿಡುವ ಡಬ್ಬಿ. ದಿನಕ್ಕೆ ಎಷ್ಟು ಮಿಲಿಲೀಟರ್ ಬಂತು ಎಂದು ಬರೆದಿಡಬೇಕು, ಕಡಿಮೆಯಾಗುತ್ತ ಬಂದ ಮೇಲೆ ತೆಗೆಯುತ್ತಾರೆ. ಕೊಪ್ಪಳದ ಅವ್ವ ಆ ಡಬ್ಬಿಯನ್ನು ಸೀರೆಯ ನೆರಿಗೆ ಪಕ್ಕ ಸಿಕ್ಕಿಸಿಕೊಂಡು "ನನ್ನ ಎಲಿ ಅಡಿಕಿ ಸಂಚಿ" ಎನ್ನುತ್ತಿದ್ದರು. ರೌಂಡ್ಸಿಗೆ ಬಂದ ಚಿಕ್ಕ ಡಾಕ್ಟರು ಅಳತೆ ಕೇಳಿದರೆ, "ಸಂಚಿಯಾಗ ನಲವತ್ತೈತ್ರಿ, ನಿನ್ನೆ ಅರವತ್ತಿತ್ತು" ಎಂದು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಇಡೀ ವಾರ್ಡಿನಲ್ಲಿ ಡ್ರೈನ್‌ಗೆ ಸಂಚಿ ಎಂಬ ಹೆಸರೇ ನಿಂತಿತು. ಅದನ್ನು ಮುಟ್ಟಲು ಹೆದರುತ್ತಿದ್ದ ಇನ್ನೊಬ್ಬರು ತಾವೇ ಖಾಲಿ ಮಾಡುವುದನ್ನು ಕಲಿತರು.

ಹೊಲಿಗೆ ಹಸಿಯಿರುವಾಗ ನಕ್ಕರೂ ಕೆಮ್ಮಿದರೂ ಸಂದು ಜಗ್ಗುತ್ತದೆ. ಅಂಗೈಯಿಂದಲೋ ಚಿಕ್ಕ ದಿಂಬಿನಿಂದಲೋ ಆ ಜಾಗಕ್ಕೆ ಮೆತ್ತಗೆ ಆಸರೆ ಕೊಟ್ಟುಕೊಂಡು ನಗಬೇಕು. ಇದನ್ನೂ ಅವ್ವನೇ ಹೇಳಿಕೊಟ್ಟರು.

ಪಟ್ಟಿ ಬಿಚ್ಚುವ ದಿನ

ಸುಮಾರು ಐದನೆಯ ದಿನ ಮೊದಲ ಸಲ ಪಟ್ಟಿ ಬಿಚ್ಚುತ್ತಾರೆ. ನನಗೆ ಗೊತ್ತಿರುವಂತೆ ಇಡೀ ಪ್ರಯಾಣದಲ್ಲಿ ಅತಿ ಕಷ್ಟದ ಅರ್ಧ ಗಂಟೆ ಇದು. ಒಳಪದರ ಬಿಚ್ಚುವಾಗ ಹಳಸಿದಂಥ ವಾಸನೆ ಬರಬಹುದು, ಅಂಚಿನಲ್ಲಿ ಹೆಪ್ಪುಗಟ್ಟಿದ ಕಪ್ಪು ರಕ್ತ ಇರಬಹುದು. ಅಮ್ಮನ ಪಾದದ ಮೇಲೆ ಕೂತಿದ್ದ ಚರ್ಮ ನೇರಳೆ ಮಿಶ್ರಿತ ಗುಲಾಬಿ ಬಣ್ಣಕ್ಕಿತ್ತು, ಮೈತುಂಬ ಮೀನಿನ ಬಲೆಯಂಥ ತೂತು, ಸುತ್ತ ಸಾಲಾಗಿ ಹೊಳೆಯುವ ಪಿನ್ನುಗಳು. ತೂತುಗಳನ್ನು ಬೇಕೆಂದೇ ಮಾಡಿರುತ್ತಾರೆ, ಅಡಿಯಲ್ಲಿ ನೀರು ನಿಲ್ಲದೆ ಹರಿದುಹೋಗಲಿ ಎಂದು. ಗುಲಾಬಿ ಬಣ್ಣ ಒಳ್ಳೆಯ ಲಕ್ಷಣ: ಚರ್ಮ ಹಿಡಿದುಕೊಂಡಿದೆ.

ಅಮ್ಮ ಮುಖ ತಿರುಗಿಸಿದ್ದಳು, ನೋಡಲೊಲ್ಲೆ ಎಂದಳು. ನಾವು ಒತ್ತಾಯ ಮಾಡಲಿಲ್ಲ. ನೀವೂ ಮಾಡಬೇಡಿ. ಮಧ್ಯಾಹ್ನ ಅವ್ವ ತಮ್ಮ ಎಂಟು ತಿಂಗಳ ಹಳೆಯ ಪಾದವನ್ನು ಮಂಚದ ಮೇಲೆ ಎತ್ತಿಟ್ಟು ತೋರಿಸಿದರು. ತೂತುಗಳೆಲ್ಲ ಕೂಡಿಕೊಂಡು, ಚೌಕಳಿ ಗುರುತು ಮಾತ್ರ ಉಳಿದಿತ್ತು. "ನೋಡ್ ಇಲ್ಲಿ. ತೊಡೀದು ತಗದು ಅಂಗಾಲಿಗೆ ಹಚ್ಯಾರ. ಕೌದಿ ಹೊಲದಂಗ ಹೊಲದಾರ. ಕೌದಿ ಹಳೇದಾದಷ್ಟೂ ಮೆತ್ತಗಾಗ್ತೈತಿ, ತಂಗಿ." ಹಳೆಯ ಸೀರೆ, ಪಂಚೆಗಳ ತುಂಡು ಜೋಡಿಸಿ ಒತ್ತೊತ್ತಾಗಿ ಟಾಕು ಹಾಕಿದ ಉತ್ತರ ಕರ್ನಾಟಕದ ಕೌದಿಯನ್ನು ಹೊದ್ದವರಿಗೆ ಆ ಮಾತಿನ ಬಿಸುಪು ಗೊತ್ತು. ಎರಡನೆಯ ಸಲ ಪಟ್ಟಿ ಬಿಚ್ಚಿದಾಗ ಅಮ್ಮ ಕತ್ತು ಎತ್ತಿ ನೋಡಿದಳು. "ನನ್ನ ಕೌದಿಗೆ ಟಾಕು ಸರಿಯಾಗಿ ಬಿದ್ದಿದೆಯಾ?" ಎಂದು ಡಾಕ್ಟರನ್ನೇ ಕೇಳಿದಳು.

ಒಂದೆರಡು ತಿಂಗಳು ಮುಂದಿರುವವರನ್ನು ಹುಡುಕಿ

ಮಕ್ಕಳು, ಅಕ್ಕತಂಗಿಯರು ಎಷ್ಟೇ ಪ್ರೀತಿ ಮಾಡಲಿ, ಅದೇ ಗಾಯ ಆಗಿ ಎದ್ದು ಓಡಾಡುತ್ತಿರುವ ಒಬ್ಬರು ಕೊಡುವ ಧೈರ್ಯವನ್ನು ಕೊಡಲಾರರು. ನಾನು ಇದನ್ನು ಕಣ್ಣಾರೆ ಕಂಡೆ, ಮೊದಮೊದಲು ಸ್ವಲ್ಪ ಬೇಸರವೂ ಆಯಿತು. ಅಪರೂಪದ ರೋಗವಾದ್ದರಿಂದ ಮೆಲನೋಮಾದವರು ಸುಲಭಕ್ಕೆ ಸಿಗುವುದಿಲ್ಲ, ಹುಡುಕಬೇಕು. ಡ್ರೆಸಿಂಗ್ ರೂಮಿನ ಹೊರಗಿನ ಬೆಂಚು ಒಳ್ಳೆಯ ಜಾಗ. ಚೆಕಪ್ ದಿನದ ಸಾಲು ಇನ್ನೂ ಒಳ್ಳೆಯದು. ವಾರ್ಡಿನ ಸಿಸ್ಟರ್ ಅಥವಾ ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಹೀಗೆ ಹೇಳಿ: "ಇದೇ ಆಪರೇಷನ್ ಆದವರು ಯಾರಾದರೂ ಬಂದರೆ, ಅವರು ಒಪ್ಪಿದರೆ, ನಮ್ಮ ನಂಬರ್ ಕೊಡಿ." ಮೆಲನೋಮಾದವರೇ ಸಿಗದಿದ್ದರೆ ಸುಟ್ಟ ಗಾಯಕ್ಕೋ ಅಪಘಾತಕ್ಕೋ ಪಾದದ ಚರ್ಮ ಕಸಿ ಮಾಡಿಸಿಕೊಂಡವರಾದರೂ ಆದೀತು. ಕಾಲು ಊರುವ ಕಷ್ಟ ಇಬ್ಬರಿಗೂ ಒಂದೇ.

ಇಂಥವರ ಹತ್ತಿರ ಕೇಳಬೇಕಾದ್ದು ದಿನನಿತ್ಯದ ಪ್ರಶ್ನೆ: ಸ್ನಾನ ಹೇಗೆ ಮಾಡಿದಿರಿ, ಬಸ್ಸು ಯಾವಾಗ ಹತ್ತಿದಿರಿ, ರಾತ್ರಿ ತುರಿಕೆಗೆ ಏನು ಮಾಡಿದಿರಿ. ಮಾತ್ರೆ ಬದಲಾಯಿಸಿಕೊಳ್ಳಬಾರದು. "ನಿಮ್ಮದು ಎಷ್ಟನೇ ಸ್ಟೇಜು?" ಎಂದು ಅವರಾಗಿ ಹೇಳುವವರೆಗೆ ಕೇಳಬಾರದು. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೂ ಆಗುತ್ತದೆ ಎಂದು ಇಬ್ಬರೂ ಅಂದುಕೊಳ್ಳಬಾರದು. ಅಮ್ಮನ ಗ್ರಂಥಿಯಲ್ಲಿ ರೋಗ ಇರಲಿಲ್ಲ, ಅವ್ವನ ಗ್ರಂಥಿಗಳಲ್ಲಿ ಇತ್ತು. ರಿಪೋರ್ಟ್ ಬಂದ ದಿನ ಅಮ್ಮ ಖುಷಿಯನ್ನು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಅವ್ವನೇ ಕರೆದು ಕೇಳಿ ತಿಳಿದುಕೊಂಡು, ಚೀಲದಿಂದ ಬೆಲ್ಲದ ತುಂಡು ತೆಗೆದು ಅಮ್ಮನ ಬಾಯಿಗೆ ಹಾಕಿದರು.

ನಗುವನ್ನು ಶುರು ಮಾಡುವವರು ಯಾರು

ಗಾಯ ಯಾರದೋ ಮೊದಲ ತಮಾಷೆಯೂ ಅವರದೇ ಆಗಬೇಕು. ಅವ್ವ ಕೌದಿ ಅಂದಾಗ ನಕ್ಕ ಅಮ್ಮ, ನೋಡಲು ಬಂದ ನೆಂಟರ ಹುಡುಗನೊಬ್ಬ "ದೊಡ್ಡಮ್ಮ, ಇನ್ನು ಓಟದ ಪಂದ್ಯಕ್ಕೆ ಹೆಸರು ಕೊಡೋಣ" ಅಂದಾಗ ಗೋಡೆ ಕಡೆ ತಿರುಗಿ ಮಲಗಿದಳು. ಹುಡುಗ ಕೆಟ್ಟವನಲ್ಲ. ಆದರೆ ಅವನ ಎರಡು ಕಾಲೂ ಗಟ್ಟಿಯಾಗಿದ್ದವು. ನೋಡಲು ಬರುವವರಿಗೆ ಬಾಗಿಲಲ್ಲೇ ಮೆಲ್ಲಗೆ ಹೇಳಿ: ಕಾಲಿನ ಬಗ್ಗೆ ತಮಾಷೆ ಬೇಡ, "ಏನೂ ಆಗಲ್ಲ ಬಿಡಿ" ಬೇಡ, ಇದೇ ರೋಗದಲ್ಲಿ ತೀರಿಕೊಂಡ ದೂರದ ಸಂಬಂಧಿಯ ಕತೆ ಬೇಡವೇ ಬೇಡ. ಊರಿನ ಸುದ್ದಿ, ಕೊಬ್ಬರಿ ರೇಟು, ಯಾರ ಮದುವೆಯಲ್ಲಿ ಒಬ್ಬಟ್ಟು ಸಾಲದೆ ಬಂತು ಎಂಬುದೆಲ್ಲ ಧಾರಾಳವಾಗಿ ಬರಲಿ.

ನಗೆಕೂಟಗಳ ಬಗ್ಗೆ ಕೇಳುತ್ತಾರೆ. 1995ರಲ್ಲಿ ಮುಂಬೈಯ ಡಾ. ಮದನ್ ಕಟಾರಿಯಾ ಐದೇ ಜನರ ಜೊತೆ ಒಂದು ಪಾರ್ಕಿನಲ್ಲಿ ಶುರು ಮಾಡಿದ್ದು ಇಂದು ನಮ್ಮ ಊರುಗಳ ಪಾರ್ಕುಗಳಲ್ಲೂ ನಡೆಯುತ್ತದೆ. ಗಾಯ ಪೂರ್ತಿ ಆರಿ, ಡಾಕ್ಟರು ಒಪ್ಪಿದ ಮೇಲೆ ಹೋಗಬಹುದು. ಅಮ್ಮನಿಗೆ ಒಗ್ಗಿದ್ದು ಹರಟೆ ಮಾತ್ರ. ನಗು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಅಡಗಿಸಿಟ್ಟ ನೋವನ್ನು ಹೇಳಿಸುತ್ತದೆ, ನೋಡಲಾಗದ ಗಾಯವನ್ನು ನೋಡಿಸುತ್ತದೆ. ನಮ್ಮ ಮನೆಗೆ ಅಷ್ಟು ಸಾಕಾಗಿತ್ತು.

ನಗು ಬಾರದ ದಿನಗಳೂ ಇರುತ್ತವೆ. ಅಳು ಬಂದರೆ ಅತ್ತುಬಿಡಲಿ, ಪಕ್ಕದಲ್ಲಿ ಕೂತಿರಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕು ಸಾಕು ಎಂಬ ಮಾತು ಬರುತ್ತಿದೆ ಎಂದಾದರೆ ಡಾಕ್ಟರಿಗೆ ಹೇಳಿ, ಅಥವಾ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ನೋಡಿಕೊಳ್ಳುವವರೂ ಮಾಡಬಹುದು.

ಮನೆಗೆ ಬಂದ ಮೇಲೆ

ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಸಾಧ್ಯವಿಲ್ಲ. ಡಿಸ್ಚಾರ್ಜ್‌ಗೆ ಮುಂಚೆಯೇ ಕಮೋಡ್ ಕುರ್ಚಿ, ವಾಕರ್ ಎರಡನ್ನೂ ಬಾಡಿಗೆಗೋ ಕೊಂಡೋ ತಂದಿಡಿ. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ, ಎದುರಿಗೊಂದು ಸ್ಟೂಲು, ಸ್ಟೂಲಿನ ಮೇಲೆ ಕವರ್ ಕಟ್ಟಿದ ಕಾಲು.

ಎಷ್ಟು ವಾರ ಕಾಲು ಊರಬಾರದು ಎಂಬುದನ್ನು ಸರ್ಜನ್ ಹೇಳುತ್ತಾರೆ. ಅವರು ಒಪ್ಪಿದ ಮೇಲೂ ಒಮ್ಮೆಲೇ ನಿಲ್ಲಬಾರದು. ಮೊದಲು ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮೇಲಕ್ಕೆ ಸುತ್ತಿ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಐದು ನಿಮಿಷ ಕೂರಬೇಕು, ಮತ್ತೆ ಎತ್ತಿಡಬೇಕು. ಇಳಿಬಿಟ್ಟಾಗ ಕಸಿ ಮಾಡಿದ ಜಾಗ ನೇರಳೆಯಾಗುತ್ತದೆ, ಎತ್ತಿದರೆ ತಿಳಿಯಾಗುತ್ತದೆ. ಹೆದರಬೇಕಾಗಿಲ್ಲ. ಎತ್ತಿದರೂ ಕಪ್ಪಗೇ ಉಳಿದರೆ, ಕೀವು, ಕೆಟ್ಟ ವಾಸನೆ, ಜ್ವರ, ಹರಡುವ ಕೆಂಪು, ಮೀನಖಂಡದಲ್ಲಿ ದಿಢೀರ್ ಊತ ಮತ್ತು ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಸಿರು ಕಟ್ಟಿದಂತಾದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಊಟದ ವಿಷಯದಲ್ಲಿ ಪ್ರತಿ ಮನೆಯಲ್ಲೂ ಜಗಳ. "ನಂಜು" ಎಂದು ಮೊಟ್ಟೆ, ಕಡಲೆಕಾಯಿ, ಬದನೆಕಾಯಿ, ಬೇಳೆ ಎಲ್ಲ ನಿಲ್ಲಿಸಿ ಬರೀ ಗಂಜಿ, ಬ್ರೆಡ್ಡು ಕೊಡುತ್ತಾರೆ. ಹೊಸ ಚರ್ಮ ಕಟ್ಟಿಕೊಳ್ಳಲು ಪ್ರೋಟೀನ್ ಬೇಕು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಮೊಟ್ಟೆ, ಮೊಳಕೆ ಕಾಳಿನ ಹುಳಿ, ಮೊಸರು, ಮೀನು ಯಾವುದನ್ನೂ ಬಿಡಬೇಕಾಗಿಲ್ಲ. ನಮ್ಮಜ್ಜಿಯನ್ನು ಒಪ್ಪಿಸಲು ಡಯಟಿಷಿಯನ್ ಬರೆದುಕೊಟ್ಟ ಚೀಟಿಯನ್ನು ಅಡಿಗೆಮನೆ ಗೋಡೆಗೆ ಅಂಟಿಸಬೇಕಾಯಿತು. ಗಾಯದ ಮೇಲೆ ಅರಿಶಿನ, ಸೊಪ್ಪಿನ ರಸ, ನಾಟಿ ಔಷಧಿ ಯಾವುದನ್ನೂ ಹಚ್ಚಬೇಡಿ. ಪೂರ್ತಿ ಆರಿದ ಮೇಲೆ ಕಸಿಯ ಚರ್ಮ ಒಣಗಿ ಬಿರಿಯುತ್ತದೆ, ಏಕೆಂದರೆ ಅದಕ್ಕೆ ತನ್ನದೇ ಜಿಡ್ಡು ಇರುವುದಿಲ್ಲ. ಆಗ ಡಾಕ್ಟರನ್ನು ಕೇಳಿ ಕೊಬ್ಬರಿ ಎಣ್ಣೆ ಮೆತ್ತಗೆ ಸವರಬಹುದು. ತಿಪಟೂರಿನವಳಿಗೆ ಈ ಸಲಹೆಯಷ್ಟು ಹಿತವಾದದ್ದು ಬೇರೆ ಸಿಕ್ಕಲಿಲ್ಲ.

ಮೂರು ತಿಂಗಳ ಚೆಕಪ್

ಮೊದಲ ಎರಡು ಮೂರು ವರ್ಷ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ ಕರೆಯುತ್ತಾರೆ. ನಡುವೆ ತಿಂಗಳಿಗೊಮ್ಮೆ ಮನೆಯಲ್ಲೇ ನೋಡಿ: ಗಾಯದ ಅಂಚಿನಲ್ಲಿ ಹೊಸ ಕಪ್ಪು, ಪಾದದಿಂದ ತೊಡೆಸಂದಿನವರೆಗೆ ಚರ್ಮದಡಿ ಬಟಾಣಿಯಂಥ ಗಂಟು, ಇನ್ನೊಂದು ಅಂಗಾಲು, ಎಲ್ಲ ಉಗುರುಗಳು. ಗ್ರಂಥಿ ತೆಗೆದ ಕಾಲು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತಿದ್ದರೆ ಬಿಗಿ ಕಾಲುಚೀಲದ ಬಗ್ಗೆ ಕೇಳಿ. ಚೆಕಪ್‌ನ ಹಿಂದಿನ ವಾರ ಮನೆಯವರೆಲ್ಲರ ಮುಖ ಬಾಡಿರುತ್ತದೆ. ಆ ವಾರ ಫೋನು ಹೆಚ್ಚು ಮಾಡಬೇಕು.

ಅವ್ವನಿಗೆ ಈಗ ಮೂರು ವಾರಕ್ಕೊಮ್ಮೆ ಇಮ್ಯುನೊಥೆರಪಿ ಡ್ರಿಪ್. ದೇಹದ ರೋಗನಿರೋಧಕ ಕೋಶಗಳಿಗೆ ಹಾಕಿರುವ ಬ್ರೇಕ್ ಸಡಿಲಿಸಿ ಕ್ಯಾನ್ಸರಿನ ಮೇಲೆ ಬಿಡುವ ಔಷಧಿ. ಆ ಬ್ರೇಕನ್ನು ಕಂಡುಹಿಡಿದು ಈ ಚಿಕಿತ್ಸೆಗೆ ದಾರಿ ಮಾಡಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇಬ್ಬರಿಗೂ 2018ರ ನೊಬೆಲ್ ಬಂತು. ಡ್ರಿಪ್ ಆದ ದಿನ ಅವ್ವನಿಗೆ ಸುಸ್ತು. ಅಂದು ಅಮ್ಮ ಚಿಕಿತ್ಸೆಯ ಸುದ್ದಿ ಎತ್ತುವುದಿಲ್ಲ. ತೋಟಕ್ಕೆ ಬಂದ ಕೋತಿ ಎಳನೀರು ಕಿತ್ತು ಯಾರ ತಲೆಗೆ ಗುರಿಯಿಟ್ಟಿತು ಎಂದು ಹೇಳುತ್ತಾಳೆ.

ಚಪ್ಪಲಿ

ಇದನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಇದು ಮುಗಿಯುವ ಕೆಲಸವಲ್ಲ. ಕಸಿಯಾದ ಅಂಗಾಲಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಕಲ್ಲು ಒತ್ತಿದರೂ ಬಿಸಿ ತಾಗಿದರೂ ಗೊತ್ತಾಗದೆ ಹುಣ್ಣಾಗುತ್ತದೆ. ಆದ್ದರಿಂದ ಎಂಸಿಆರ್ ಚಪ್ಪಲಿ, ಅಂದರೆ ಸಕ್ಕರೆ ಕಾಯಿಲೆಯವರಿಗೆ ಕೊಡುವ ಮೆತ್ತನೆ ರಬ್ಬರಿನದು, ಪಾದದ ಅಳತೆ ಕೊಟ್ಟು ಮಾಡಿಸಿಕೊಳ್ಳಿ. ಹಿಂದೆ ಪಟ್ಟಿ ಇರಲಿ. ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡಿ. ರಾತ್ರಿ ಮಲಗುವಾಗ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಎರಡು ಜೊತೆ ಬೇಕು: ಹೊರಗೊಂದು, ಮನೆಯೊಳಗೊಂದು.

ಆ ಎರಡನೆಯ ಜೊತೆಯಲ್ಲೇ ನಾವು ಸೋತೆವು. ಅಡಿಗೆಮನೆಯಲ್ಲಿ, ದೇವರ ಮನೆಯ ಮುಂದೆ ಚಪ್ಪಲಿ ಹಾಕಿಕೊಂಡು ನಡೆಯುವುದು ಅಮ್ಮನಿಂದ ಆಗಲಿಲ್ಲ. ನಾನು ಕಾಡಿಬೇಡಿದೆ, ಅಪ್ಪ ಗದರಿದರು, ಡಾಕ್ಟರು ಚಿತ್ರ ಬರೆದು ತೋರಿಸಿದರು. ಕೊನೆಗೆ ಅವ್ವ ಫೋನಿನಲ್ಲಿ ಅಂದರು: "ದೇವ್ರಿಗಿ ನಿನ್ನ ಚಪ್ಪಲಿ ಕಾಣಂಗಿಲ್ಲ ತಂಗಿ, ಅವಂಗ ನಿನ್ನ ಕಾಲು ಕಾಣ್ತೈತಿ. ಹಾಕ್ಕೋ."

ಈಗ ಸಂಜೆ ಏಳಕ್ಕೆ ಅವ್ವನ ಫೋನು ಬರುತ್ತದೆ. ಊಟ ಆಯ್ತಾ ಎಂದು ಕೇಳುವುದಿಲ್ಲ, ಮೊದಲ ಪ್ರಶ್ನೆ "ಕಾಲಾಗ ಏನೈತಿ?" ಒಲೆಯ ಮುಂದೆ ಬರಿಗಾಲಲ್ಲಿ ನಿಂತಿರುವ ಅಮ್ಮ ಫೋನನ್ನು ಸೆರಗಲ್ಲಿ ಮುಚ್ಚಿ, ಬಾಗಿಲ ಹಿಂದಿನ ಚಪ್ಪಲಿ ಕಡೆ ಕೈ ತೋರಿಸುತ್ತಾಳೆ. ನಾನು ಓಡಿಹೋಗಿ ತಂದು ಕಾಲಿಗೆ ಸಿಕ್ಕಿಸುತ್ತೇನೆ. ಆಮೇಲೆ ಸೆರಗು ತೆಗೆದು ಹೇಳುತ್ತಾಳೆ: "ಚಪ್ಪಲಿ ಕಣಕ್ಕಾ, ಇನ್ನೇನಿರುತ್ತೆ?"